ನಿಖತಕ್ಕನ ಮೇಲೊಂದು ದೂರು

ನಿಖತಕ್ಕನ ಮೇಲೆ ದೂರು ಬರೆದವಳು ನಾನೇ. ಬುಧವಾರ ಮಧ್ಯಾಹ್ನ, ಆಕೆ ಊಟದ ಡಬ್ಬಿ ತೊಳೆಯಲು ಹಿತ್ತಲಿಗೆ ಹೋದ ಹೊತ್ತಿನಲ್ಲಿ ಬರೆದೆ. ಪಕ್ಕದಲ್ಲಿ ನಿಂತಿದ್ದ ಹುಚ್ಚವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಮೊದಲಿನಿಂದ ಹೇಳುತ್ತೇನೆ.

ನಮ್ಮದು ಹಾನಗಲ್ಲಿನ ಒಂದು ರೈತರ ಕಂಪನಿ. ಸುತ್ತಲಿನ ರೈತರೇ ಷೇರು ಹಾಕಿ ಕಟ್ಟಿಕೊಂಡದ್ದು. ಭತ್ತ ಕೊಯ್ಯುವ ಯಂತ್ರ, ಗೋವಿನಜೋಳ ಒಕ್ಕುವ ಯಂತ್ರ, ಬೆಳೆಗೆ ಔಷಧಿ ಹೊಡೆಯುವ ಪಂಪು ಎಲ್ಲ ಬಾಡಿಗೆಗೆ ಕೊಡುತ್ತೇವೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಒಂದೊಂದು ಶಾಖೆ ಇದೆ. ಯಂತ್ರ ಎಂದ ಮೇಲೆ ಕೆಡುವುದೇ. ಕೆಟ್ಟರೆ ಸದಸ್ಯರು ಮೊಬೈಲಿನ ಆ್ಯಪಿನಲ್ಲಿ ದೂರು ಹಾಕುತ್ತಾರೆ, ಹಾಕಲು ಬಾರದವರು ಫೋನ್ ಮಾಡಿ ಹೇಳುತ್ತಾರೆ, ನಾವು ಹಾಕುತ್ತೇವೆ. ಪ್ರತಿ ದೂರಿಗೂ ಒಂದು ನಂಬರು. ಯಾರು ಹೋದರು, ಏನು ರಿಪೇರಿ ಮಾಡಿದರು, ಮುಗಿಯಿತೋ ಇಲ್ಲವೋ, ಎಲ್ಲ ಆ ನಂಬರಿನ ಕೆಳಗೇ ಸೇರುತ್ತಾ ಹೋಗುತ್ತದೆ.

ನಾನು ಬಿ.ಕಾಂ. ಮುಗಿಸಿ ಹೋದ ವರ್ಷ ಇಲ್ಲಿ ಸೇರಿದೆ. ಫೋನ್ ಎತ್ತಿ ದೂರು ಬರೆದುಕೊಳ್ಳುವುದು ನನ್ನ ಕೆಲಸ. ಗುರುತಿಲ್ಲದವರ ಜತೆ ಮಾತಾಡುವುದು ನನಗೆ ಆಗದ ಕೆಲಸ. ಮೊದಲ ವಾರ ಫೋನು ಮೂರು ಸಲ ರಿಂಗಾಗಿ ತಾನಾಗಿ ಸುಮ್ಮನಾಗಲಿ ಎಂದು ಕಾಯುತ್ತಿದ್ದೆ. ಅದನ್ನು ಕಂಡ ನಿಖತಕ್ಕ ನನ್ನ ಮೇಜಿಗೆ ಒಂದು ಹಾಳೆ ಅಂಟಿಸಿದಳು: ಹೆಸರು, ಊರು, ಯಂತ್ರ, ಏನಾಗೇತಿ.

"ಇಷ್ಟ ಕೇಳವಾ ಶೈಲಾ. ಉಳಿದದ್ದು ಅವರ ಹೇಳ್ತಾರ. ನಮ್ಮ ಮಂದಿ ಕೇಳದ ಮುಂಚೆ ಎಲ್ಲಾ ಹೇಳವ್ರು" ಅಂದಳು.

ನಿಖತಕ್ಕ ಹುಲಗೂರಿನವಳು. ದೂರಿನ ಸಾಫ್ಟ್‌ವೇರು ಪೂರಾ ಆಕೆಯ ಕೈಯಲ್ಲಿತ್ತು. ಅದರ ಒಡೆತನದ ಲಾಗಿನ್ನಿಗೆ ನಾವು ಕೀಲಿ ಎನ್ನುತ್ತಿದ್ದೆವು. ಕೀಲಿ ಇದ್ದವರಿಗೆ ನಾಲ್ಕೂ ತಾಲೂಕಿನ ಎಲ್ಲ ದೂರು ಕಾಣುತ್ತವೆ. ಯಾವ ದೂರು ಯಾರ ಕಣ್ಣಿಗೆ ಬೀಳಬೇಕು ಎಂದು ಗೊತ್ತು ಮಾಡುವವರೂ ಅವರೇ.

ಆಕೆಗೆ ಏಳು ತಿಂಗಳು. ಕಾಲು ಬಾವು ಬಂದು, ಇನ್ನು ಕುಂತು ಕೆಲಸ ಮಾಡಬೇಡ ಎಂದು ಡಾಕ್ಟರು ಹೇಳಿದ್ದರು. ಶನಿವಾರದಿಂದ ರಜೆ. ಮ್ಯಾನೇಜರು ಜಯಶ್ರೀ ಮೇಡಂ ಸೋಮವಾರ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಬಿಟ್ಟರು.

"ನಿಖತ, ಶುಕ್ರವಾರ ಸಂಜೀ ಒಳಗ ನನಗ ಹೇಳ್ರಿ. ಶೈಲಶ್ರೀ ಕೈಯಾಗ ಕೀಲಿ ಕೊಡಬಹುದು ಅಂದ್ರ ಕೊಡೋಣ. ಅನುಮಾನ ಇತ್ತಂದ್ರ ಹುಬ್ಬಳ್ಳಿಯಿಂದ ಒಬ್ಬರನ್ನ ಕರಸ್ತೇನಿ. ಮಂದಿ ನಮ್ಮನ್ನ ನಂಬಿ ಹೇಳಿದ್ದು ಕಂಡಕಂಡವರಿಗೆ ಕಾಣಬಾರದು."

ನನಗೆ ಆ ಕೀಲಿ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಹೇಳಲಿಲ್ಲ. ದಿನಚರಿಯಲ್ಲಿ ಮಾತ್ರ ಮೂರು ದಿನ ಬೇರೇನನ್ನೂ ಬರೆಯಲಿಲ್ಲ.

ಅಂದಿನಿಂದಲೇ ಪಾಠ ಶುರುವಾಯಿತು. "ದೂರು ಬರಿಯೋದು ಅರ್ಧಾ ಕೆಲಸ. ಯಾರು ನೋಡಬೇಕು ಅನ್ನೋದು ಇನ್ನರ್ಧ" ಎನ್ನುತ್ತಿದ್ದಳು ನಿಖತಕ್ಕ. ಪ್ರತಿ ದೂರಿನ ಕೆಳಗೂ 'ಯಾರು ನೋಡಬಹುದು?' ಎಂದು ಒಂದು ಸಾಲು ಇರುತ್ತದೆ. ಪಂಪಿನ ಮೂತಿ ಕಟ್ಟಿಕೊಂಡಿದ್ದರೆ ಎಲ್ಲ ಸದಸ್ಯರೂ ನೋಡಲಿ, ಇನ್ನೊಬ್ಬರು ಕಲಿಯುತ್ತಾರೆ. ಬದುವಿನ ತಕರಾರಿನಿಂದ ಯಂತ್ರ ಹೊಲಕ್ಕೆ ಇಳಿಯಲಿಲ್ಲ ಎಂದಿದ್ದರೆ ಸಿಬ್ಬಂದಿ ಮಾತ್ರ ನೋಡಬೇಕು. ಇನ್ನು ಕೆಲವನ್ನು ಯಾರ ಹೆಸರಿನ ಮುಂದೆ ಗುರುತು ಹಾಕುತ್ತೇವೋ ಅವರಷ್ಟೇ ನೋಡಬೇಕು.

ಕಡೆಗೆ ಉಳಿದದ್ದು ಮನುಷ್ಯರ ಮೇಲಿನ ದೂರು.

ಅದರ ನಿಯಮ ಹುಟ್ಟಿದ್ದು ತಿಳವಳ್ಳಿಯ ನಾಗವ್ವನಿಂದ. ಮೂರು ವರ್ಷದ ಹಿಂದೆ ಭತ್ತ ಕೊಯ್ಯುವ ಯಂತ್ರದ ಡ್ರೈವರು ಆಕೆಯ ಪಾಳಿ ಬಿಟ್ಟು ಬಾಜೂ ಹೊಲಕ್ಕೆ ಹೋಗಿದ್ದನಂತೆ. ನಾಗವ್ವ ದೂರು ಕೊಟ್ಟಳು. ಆಗ ಎಲ್ಲ ದೂರೂ ಎಲ್ಲರಿಗೂ ಕಾಣುತ್ತಿದ್ದವು, ಡ್ರೈವರನೂ ಓದಿದ. ಮುಂದಿನ ಸುಗ್ಗಿಯಲ್ಲಿ ಯಂತ್ರ ನಾಗವ್ವನ ಹೊಲದ ಬದುವಿನವರೆಗೆ ಬಂದು, ಬೆಲ್ಟು ಹರಿದಿದೆ ಎಂದು ಹೊರಳಿ ಹೋಯಿತು. ಆಕೆ ಕಚೇರಿಗೆ ಬಂದು, "ನಾ ನಿಮಗ ಹೇಳಿದ್ದನ್ನ ಅವಂಗ ಯಾರು ಹೇಳಿದ್ರು?" ಎಂದು ಕೇಳಿದಳಂತೆ. ಆ ವಾರವೇ ನಿಖತಕ್ಕ ಹೊಸ ನಿಯಮ ಮಾಡಿದಳು. ಯಾರ ಮೇಲೆ ದೂರು ಇದೆಯೋ ಅವರಿಗೆ ಅದು ಯಾವತ್ತೂ ಕಾಣಬಾರದು.

"ನಿಮ್ಮ ಮ್ಯಾಲ ಬಂದ್ರ ಅಕ್ಕಾ? ಕೀಲಿ ನಿಮ್ಮ ಕೈಯಾಗ ಐತೆಲ್ಲ?" ಎಂದೆ.

"ನನಗೂ ಕಾಣಂಗಿಲ್ಲ. ಸೀದಾ ಜಯಶ್ರೀ ಮೇಡಂಗ ಹೋಗತೈತಿ, ಆಮ್ಯಾಲ ದೂರು ಕೊಟ್ಟಾಕಿ ಯಾರ ಹೆಸರು ಹಾಕ್ತಾಳೋ ಅವರಿಗೆ. ನನ್ನ ಕಣ್ಣಿಗೆ ನಾನ ಬಟ್ಟಿ ಕಟ್ಕೊಂಡೇನಿ" ಎಂದು ನಕ್ಕಳು.

ಬಸುರಿಗೆ ಬಳೆ ಇಡಿಸಿ ಉಡಿ ತುಂಬುವ ಕುಬಸದ ಮಾತು ತೆಗೆದದ್ದು ಹುಚ್ಚವ್ವ. ಕಚೇರಿಯ ಕಸ ಹೊಡೆದು ಚಹಾ ಮಾಡುವವಳು ಆಕೆ. ಒಂದು ಎಕರೆ ಹೊಲವೂ ಇದೆ, ಕಂಪನಿಯ ಸದಸ್ಯಳೂ ಹೌದು.

ಮಂಗಳವಾರ ಚಹಾ ಕೊಡುತ್ತ ಪಿಸುಗುಟ್ಟಿದಳು. "ಐದು ವರ್ಷ ಆತು, ಎಲ್ಲಾರ ಕುಬಸದಾಗೂ ನಿಖತವ್ವ ಮುಂದ ನಿಂತು ಬಳಿ ಇಡಿಸ್ಯಾಳ. ಆಕಿದು ಯಾರು ಮಾಡವ್ರು? ತವರಮನ್ಯಾಗ ತಾಯಿ ಇಲ್ಲ."

ಮೆಕ್ಯಾನಿಕ್ ಮೈಲಾರಿ ಕಪ್ಪಿನ ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದ. "ಆಕಿ ಒಪ್ಪಂಗಿಲ್ಲ ಬಿಡು. ನಂದೇನರ ಮಾಡಿದ್ರ ಅವತ್ತ ರಜಾ ಹಾಕ್ತೇನಿ ಅಂತ ಮೊನ್ನೆ ಸವಣೂರ ಶಾಖೆ ಮಂಜುಳಾಗ ಹೇಳ್ಯಾಳ."

"ಹೇಳಿದ್ರ ಅಲ್ಲೇನ ಗೊತ್ತಾಗೋದು?" ಎಂದಳು ಹುಚ್ಚವ್ವ.

ಹಾಗಾಗಿ ಗುಟ್ಟಾಗಿಯೇ ಮಾಡುವುದೆಂದಾಯಿತು. ನಾಲ್ಕು ಊರಿನ ಕಚೇರಿಗಳ ಏಳು ಜನ ಹೆಂಗಸರು ಯಾರು ಏನು ತರಬೇಕು ಎಂದು ಮಾತಾಡಿಕೊಳ್ಳಬೇಕಿತ್ತು. ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ನನ್ನ ಫೋನು ಗಳಿಗೆಗೊಮ್ಮೆ ಟಿಣ್ ಎನ್ನುತ್ತದೆ. ನನಗೆ ದಿನಕ್ಕೆ ಎರಡು ಮೆಸೇಜು ಬಂದರೆ ಹೆಚ್ಚು ಎಂಬುದು ಮಗ್ಗುಲಲ್ಲೇ ಕೂರುವ ನಿಖತಕ್ಕನಿಗೆ ಗೊತ್ತು. ಫೋನಿನಲ್ಲಿ ಮಾತಾಡುವಂತೆಯೂ ಇಲ್ಲ.

"ದೂರಿನಾಗ ಬರದುಬಿಡು ತಂಗಿ" ಎಂದ ಮೈಲಾರಿ, ತಮಾಷೆಗೆ.

"ಆಕಿಗೆ ಎಲ್ಲಾ ದೂರೂ ಕಾಣತಾವು" ಎಂದೆ. ಎಂದವಳು ಅಲ್ಲಿಗೇ ನಿಂತೆ. ಒಂದು ಜಾತಿಯ ದೂರು ಮಾತ್ರ ಆಕೆಗೆ ಕಾಣುವುದಿಲ್ಲ. ನಿಖತಕ್ಕನಿಂದ ಏನನ್ನಾದರೂ ಬಚ್ಚಿಡಬೇಕೆಂದರೆ ನಿಖತಕ್ಕನ ಮೇಲೆಯೇ ದೂರು ಕೊಡಬೇಕು.

ನಾನು ಅದನ್ನು ಹೇಳಿದಾಗ ಮೈಲಾರಿಗೆ ಚಹಾ ನೆತ್ತಿಗೇರಿತು. ಜಯಶ್ರೀ ಮೇಡಂಗೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಮಾಡ್ರಿ. ಆದ್ರ ಗುರುತು ಹಾಕೋದ್ರಾಗ ತಪ್ಪಬ್ಯಾಡ್ರಿ" ಎಂದರು.

ಬುಧವಾರ ಬರೆದದ್ದು ಇದು:

"ವಿಷಯ: ಹಾನಗಲ್ ಕಚೇರಿಯ ನಿಖತ ಅವರ ವಿರುದ್ಧ ದೂರು. ವಿವರ: ಸದರಿಯವರು ಐದು ವರ್ಷಗಳಿಂದ ಕಚೇರಿಯ ಪ್ರತಿಯೊಬ್ಬರ ಕುಬಸದಲ್ಲಿ ಬುತ್ತಿ ಉಂಡಿರುತ್ತಾರೆ. ತಮ್ಮ ಪಾಳಿ ಬಂದಾಗ ತಪ್ಪಿಸಿಕೊಂಡು ಹೋಗುವ ಲಕ್ಷಣಗಳು ಕಂಡುಬಂದಿವೆ. ಕಾರಣ, ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಸದರಿಯವರನ್ನು ಹಿಡಿದು ಕೂರಿಸಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಸಾಕು ಎನ್ನುವವರೆಗೆ ಉಣ್ಣಿಸತಕ್ಕದ್ದು. ಯಾರು ಏನು ತರುವಿರಿ ಕೆಳಗೆ ಬರೆಯಿರಿ. ಸದರಿಯವರಿಗೆ ಸುಳಿವು ಕೊಟ್ಟವರಿಗೆ ಹೋಳಿಗೆ ಇಲ್ಲ."

ಏಳು ಹೆಸರಿನ ಮುಂದೆ ಒಂದೊಂದಾಗಿ ಗುರುತು ಹಾಕಿದೆ. ಎರಡು ಸಲ ಎಣಿಸಿದೆ. ಆಗ ಹುಚ್ಚವ್ವ ಪರದೆಯೊಳಗೆ ಇಣುಕಿ, "ನನ್ನ ಹೆಸರು ಎಲ್ಲೈತಿ?" ಎಂದಳು.

ಆಕೆ ಸಿಬ್ಬಂದಿಯ ಪಟ್ಟಿಯಲ್ಲಿರಲಿಲ್ಲ, ಸದಸ್ಯರ ಪಟ್ಟಿಯಲ್ಲಿದ್ದಳು. ಕುಬಸದ ಮಾತು ಎತ್ತಿದವಳೇ ಹೊರಗುಳಿಯುವುದು ಹೇಗೆ? ಹುಡುಕಿದೆ. 'ಮಹಿಳಾ ಸದಸ್ಯರು' ಎಂಬ ಸಾಲಿನ ಕೆಳಗೆ ಆಕೆಯ ಹೆಸರು ಬಂತು. ಹಿತ್ತಲಿನಲ್ಲಿ ನಳ ಬಂದಾದ ಸದ್ದು ಕೇಳಿಸಿತು. ಅವಸರದಲ್ಲಿ ಕಂಡ ಚೌಕಕ್ಕೆ ಗುರುತು ಹಾಕಿ, ಕಳಿಸಿ, ಮುಚ್ಚಿದೆ. ನಿಖತಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಏನವಾ, ಮುಖಾ ಕೆಂಪಾಗೇತಿ?"

"ಮೆಣಸಿನಕಾಯಿ ಚಟ್ನಿ ಅಕ್ಕಾ."

ಗುರುವಾರ ಬೆಳಿಗ್ಗೆ ಆಕೆ ಬರುವ ಮುಂಚೆ ತೆರೆದೆ. ಏಳೆಂಟು ಉತ್ತರ ಇರಬೇಕಾದಲ್ಲಿ ನಲವತ್ತಾರು ಇದ್ದವು.

"ಕರ್ಚಿಕಾಯಿ ನಂದು. ಹಿರೇಕೆರೂರಿಂದ ಮೊದಲನೇ ಬಸ್ಸಿಗೆ ಬರ್ತೇನಿ." "ಶೇಂಗಾ ಹೋಳಿಗಿ ಐವತ್ತು ಸಾಕೇನ್ರಿ?" "ಎಣ್ಣೆಗಾಯಿ ಬದನಿಕಾಯಿ ನಾ ಮಾಡ್ತೇನಿ, ಬ್ಯಾರೆ ಯಾರೂ ಮಾಡಬ್ಯಾಡ್ರಿ, ಅಕ್ಕಗ ನನ್ನ ಕೈಯ್ದ ಸೇರತೈತಿ." "ನಾನೂ ಎಣ್ಣೆಗಾಯಿನ ಮಾಡ್ತೇನಿ, ಯಾರದು ಚಲೋ ಆಕ್ಕೈತಿ ನೋಡೋಣು." "ಮೊಸರ ಬುತ್ತಿ. ಸವಣೂರು."

ಮೇಲಿನ ಸಾಲು ನೋಡಿದೆ. ಮುನ್ನೂರ ಹನ್ನೆರಡು ಜನ ನೋಡಬಹುದು ಎಂದಿತ್ತು. ನಾನು ಹುಚ್ಚವ್ವನ ಚೌಕ ಬಿಟ್ಟು ಅದರ ಮೇಲಿನ ಗುಂಪಿನ ಚೌಕಕ್ಕೆ ಗುರುತು ಹಾಕಿದ್ದೆ. ನಾಲ್ಕು ತಾಲೂಕಿನ ಒಟ್ಟು ಮಹಿಳಾ ಸದಸ್ಯರು!

ಗುರುತು ಹಾಕುವುದರಲ್ಲಿ ತಪ್ಪಬೇಡಿ ಎಂದು ಮೇಡಂ ಹೇಳಿ ಎರಡು ದಿನ ಕೂಡ ಆಗಿರಲಿಲ್ಲ. ಮೈಲಾರಿ ಬಂದು ಹೆಗಲ ಮೇಲಿಂದ ನೋಡಿದ.

"ಅಳಿಸಿ ಒಗಿ ತಂಗಿ. ದೂರು ಇಲ್ಲಂದ್ರ ತಪ್ಪೂ ಇಲ್ಲ. ಏಳು ಮಂದಿಗೆ ಹೊಸದಾಗಿ ಬರಿ. ಮೇಡಂ ಇನ್ನೂ ತೆರದಿರಾಕಿಲ್ಲ, ಯಾರಿಗೂ ತಿಳಿಯಂಗಿಲ್ಲ."

ಅಳಿಸುವ ಗುಂಡಿಯ ಮೇಲೆ ಬಾಣದ ಗುರುತು ತಂದೆ. ಒತ್ತಿದ್ದರೆ ಕೀಲಿ ನನ್ನದಾಗುತ್ತಿತ್ತೋ ಏನೋ. ಆದರೆ ಕೊನೆಯ ಉತ್ತರ ಹುಲಗೂರಿನಿಂದ ಬಂದಿತ್ತು: "ಆಕಿ ತಾಯಿ ಮತ್ತ ನಾನು ಕೂಡಿ ಬೀಡಿ ಕಟ್ಟತಿದ್ವಿ. ತಾಯಿ ಪಾಲಿಂದು ಸೀರಿ ನಾ ತರ್ತೇನಿ." ಅದನ್ನು ಅಳಿಸುವುದು ನನ್ನಿಂದ ಆಗಲಿಲ್ಲ.

ಗುಂಪಿನ ಗುರುತು ಮಾತ್ರ ತೆಗೆದೆ. ಉತ್ತರ ಬರೆದ ನಲವತ್ತಾರು ಜನರಿಗೆ ಕಾಣುತ್ತಲೇ ಇರುತ್ತದೆ, ಉಳಿದವರಿಗೆ ಮುಚ್ಚಿಕೊಳ್ಳುತ್ತದೆ. ಇಷ್ಟಕ್ಕೆ ಮುಗಿಯಿತು ಎಂದು ಉಸಿರು ಬಿಟ್ಟೆ. ಜಯಶ್ರೀ ಮೇಡಂಗೆ ಶುಕ್ರವಾರ ಎಲ್ಲ ಮುಗಿದ ಮೇಲೆ ನಾನೇ ಹೇಳುವುದು ಎಂದು ನಿಶ್ಚಯ ಮಾಡಿದೆ.

ನನಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹೊಸ ದೂರು ಕಾಣುವಂತಾದಾಗ ಸದಸ್ಯರ ಮೊಬೈಲಿಗೆ ತಾನಾಗಿ ಒಂದು ಮೆಸೇಜು ಹೋಗುತ್ತದೆ. ಅದರಲ್ಲಿ ವಿಷಯದ ಸಾಲು ಮಾತ್ರ ಇರುತ್ತದೆ. ವಿವರ ಬೇಕೆಂದರೆ ತೆರೆಯಬೇಕು.

ಶುಕ್ರವಾರ ಮೇಡಂ ಹಾವೇರಿಗೆ ಮೀಟಿಂಗಿಗೆ ಹೋಗಿದ್ದರು, ಒಂದಕ್ಕೆ ಬಂದು ಮುಟ್ಟುತ್ತೇನೆ ಎಂದಿದ್ದರು. ಹನ್ನೊಂದೂವರೆಗೆ ಗೇಟಿನ ಹೊರಗೆ ಒಂದು ಟೆಂಪೊ ಬಂದು ನಿಂತಿತು. ಇಳಿದವರಲ್ಲಿ ಮೊದಲಿನವಳು ತಿಳವಳ್ಳಿಯ ನಾಗವ್ವ. ಹಿಂದೆ ಹದಿನೈದು ಹೆಂಗಸರು. ಯಾರ ಕೈಯಲ್ಲೂ ಡಬ್ಬಿ ಇರಲಿಲ್ಲ. ನಾಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾವಾಕಿ ಆಕಿ? ನಮ್ಮ ನಿಖತವ್ವನ ಮ್ಯಾಲ ದೂರು ಕೊಟ್ಟಾಕಿ ಯಾವಾಕಿ? ಹೊರಗ ಬರಲಿ!"

ನಿಖತಕ್ಕ ಮೇಜಿಗೆ ಕೈ ಊರಿ ಎದ್ದಳು. "ಏನಾತು ನಾಗಕ್ಕಾ? ಕುಂತ್ರಿ, ನೀರು ಕುಡೀರಿ."

"ನೀರು ಆಮ್ಯಾಲ. ನಿನ್ನ ಮ್ಯಾಲ ದೂರು ಬಂದೈತಿ, ನಿನಗ ಗೊತ್ತಿಲ್ಲೇನು?" ನಾಗವ್ವ ಮೊಬೈಲು ಮುಂದೆ ಹಿಡಿದಳು. "ಬುಧವಾರ ಮೆಸೇಜ್ ಬಂತು. ನನ್ನ ಸೊಸಿ ಗುರುವಾರ ಮಧ್ಯಾಹ್ನ ತೆರದ್ಲು. ನಿಮಗೆ ನೋಡಲು ಅವಕಾಶವಿಲ್ಲ ಅಂತ ಬಂತು! ತೋರಿಸ್ತೇವಿ ಅಂದವ್ರು ಮುಚ್ಚಿಟ್ಟಾರ ಅಂದ್ರ ಒಳಗ ಏನೋ ಕಪಟ ಐತಿ. ಊರಾಗ ಎಲ್ಲಾರದೂ ಹಂಗ ಆಗೇತಿ."

"ಬಸರಿ ಅನ್ನೂದೂ ನೋಡಂಗಿಲ್ಲೇನು?" ಎಂದಳು ಹಿಂದಿನವಳೊಬ್ಬಳು.

ನಿಖತಕ್ಕ ಮೆಸೇಜು ಓದಿದಳು. ಇನ್ನೊಮ್ಮೆ ಓದಿದಳು. ಆಕೆಯ ಮುಖದಲ್ಲಿ ಅಂಥ ಸಪ್ಪೆತನವನ್ನು ನಾನು ಎಂದೂ ಕಂಡಿರಲಿಲ್ಲ.

"ಬಂದಿರಬೇಕು" ಎಂದಳು ಮೆಲ್ಲಗೆ. "ನನಗ ಕಾಣಂಗಿಲ್ಲ ನಾಗಕ್ಕಾ. ಕಾಣಲೂಬಾರದು. ಕೊಟ್ಟವ್ರಿಗೆ ಏನೋ ಬ್ಯಾಸರ ಆಗಿರತೈತಿ, ಬೈಬ್ಯಾಡ್ರಿ ಅವರನ್ನ."

ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ಗುಂಪು ಬಂತು. ಹುಲಗೂರಿನ ನಾಲ್ವರು, ಹಿರೇಕೆರೂರಿನ ಇಬ್ಬರು. ಎಲ್ಲರ ಕೈಯಲ್ಲೂ ಬಟ್ಟೆ ಸುತ್ತಿದ ಡಬ್ಬಿ. ಒಳಗಿನ ಗದ್ದಲ ಕಂಡು ಡಬ್ಬಿಗಳನ್ನು ಬೆನ್ನ ಹಿಂದೆ ಸರಿಸಿದರು. ನಾಗವ್ವ ಹೊರಳಿ ನೋಡಿದಳು.

"ನೀವು ಜಗಳಕ್ಕ ಬುತ್ತಿ ಕಟ್ಕೊಂಡು ಬಂದೀರೇನವಾ? ಸಂಜೀತನಕ ನಡಸವ್ರಾ?"

ಅವರು ನನ್ನ ಕಡೆ ನೋಡಿದರು. ಹುಚ್ಚವ್ವ ನನ್ನ ಕಡೆ ನೋಡಿದಳು. ಮೈಲಾರಿ ಶೆಡ್ಡಿನ ಕಂಬದ ಹಿಂದಿನಿಂದ ನೋಡಿದ. ಮೇಡಂ ಬರಲು ಇನ್ನೂ ಒಂದೂವರೆ ತಾಸು ಇತ್ತು. ಅಲ್ಲಿಯವರೆಗೆ ನಿಖತಕ್ಕ ಆ ಮುಖ ಹೊತ್ತುಕೊಂಡು ಕೂರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು.

"ದೂರು ಕೊಟ್ಟಾಕಿ ನಾನ್ರಿ" ಎಂದೆ.

ನಾಗವ್ವ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ನೀನಾ? ನಿನಗ ಬಾಯಿ ಐತೇನ? ನಾ ಹತ್ತು ಸಲ ಫೋನ್ ಮಾಡೇನಿ, ಹೆಸರು ಊರು ಬಿಟ್ರ ಒಂದ ಮಾತು ಆಡಿಲ್ಲ ನೀ!"

ನಿಖತಕ್ಕ ನನ್ನನ್ನೇ ನೋಡುತ್ತಿದ್ದಳು. ವಿವರಿಸಲು ಹೋದರೆ ಮಾತು ಕೆಡುತ್ತದೆ ಎನ್ನಿಸಿ ಪರದೆ ತೆರೆದು ಬರೆದದ್ದನ್ನೇ ಓದತೊಡಗಿದೆ. "ಸದರಿಯವರು ಐದು ವರ್ಷಗಳಿಂದ ಕಚೇರಿಯ ಪ್ರತಿಯೊಬ್ಬರ ಕುಬಸದಲ್ಲಿ ಬುತ್ತಿ ಉಂಡಿರುತ್ತಾರೆ..."

ಮೊದಲು ನಕ್ಕವಳು ಹುಚ್ಚವ್ವ. 'ತಪ್ಪಿಸಿಕೊಂಡು ಹೋಗುವ ಲಕ್ಷಣಗಳು' ಎನ್ನುವಾಗ ಹುಲಗೂರಿನವರು ಡಬ್ಬಿ ಮುಂದೆ ತಂದರು. 'ಹಿಡಿದು ಕೂರಿಸಿ' ಎಂಬಲ್ಲಿಗೆ ತಿಳವಳ್ಳಿಯ ಹದಿನೈದೂ ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಿಖತಕ್ಕ ಕುರ್ಚಿಗೆ ಕುಸಿದು, ಹೊಟ್ಟೆ ಹಿಡಿದುಕೊಂಡು, "ಸಾಕು ಮಾಡ ತಾಯಿ, ಇಲ್ಲೇ ಹಡದಬಿಡ್ತೇನಿ!" ಎಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಗುವಿನದು ಎಷ್ಟು, ಇನ್ನೊಂದರದು ಎಷ್ಟು ಎಂದು ನನಗೆ ತಿಳಿಯಲಿಲ್ಲ.

ನಗದೆ ಇದ್ದವಳು ನಾಗವ್ವ ಒಬ್ಬಳೇ. "ಕುಬಸ ಅಂತ ಮೊದಲ ಹೇಳಬಾರದೇನ? ಕುಬಸಕ್ಕ ಬರಿಗೈಲೆ ಬರವ್ರೇನ ನಾವು? ಏ, ನಡೀರಿ ಎಲ್ಲಾರೂ!" ಎಂದವಳೇ ಇಡೀ ದಂಡನ್ನು ಹೊರಡಿಸಿಕೊಂಡು ಪೇಟೆಗೆ ಹೋದಳು. ಮುಕ್ಕಾಲು ತಾಸಿಗೆ ಟೆಂಪೊ ತಿರುಗಿ ಬಂತು. ತೆಂಗಿನಕಾಯಿ, ಬಾಳೆಹಣ್ಣು, ಹಸಿರು ಖಣ, ಒಂದು ಬುಟ್ಟಿ ಮಲ್ಲಿಗೆ ದಂಡೆ, ಜತೆಗೆ ಪೇಟೆಯ ಬಳೆಗಾರ್ತಿಯನ್ನೂ ಆಕೆಯ ಬುಟ್ಟಿ ಸಮೇತ ಕರೆತಂದಿದ್ದರು.

ಒಂದು ಗಂಟೆಯ ಹೊತ್ತಿಗೆ ಉತ್ತರ ಬರೆದಿದ್ದ ಉಳಿದವರೂ ಬಂದು ಸೇರಿ, ಒಳಗೆ ಜಾಗ ಸಾಲಲಿಲ್ಲ. ಮೈಲಾರಿ ಶೆಡ್ಡಿನಲ್ಲಿದ್ದ ಭತ್ತದ ಯಂತ್ರವನ್ನು ಹಿಂದಕ್ಕೆ ತೆಗೆದು ಜಮಖಾನ ಹಾಸಿದ. ಯಂತ್ರದ ಹಲ್ಲುಗಳಿಗೆ ಯಾರೋ ಮಲ್ಲಿಗೆ ಸಿಕ್ಕಿಸಿದರು. ತಾಯಿಯ ಜತೆ ಬೀಡಿ ಕಟ್ಟುತ್ತಿದ್ದ ಹುಲಗೂರಿನ ಆ ಮುದುಕಿ ತಂದ ಹಸಿರು ಸೀರೆ ಉಟ್ಟು ನಿಖತಕ್ಕ ನಡುವೆ ಕೂತಳು. ಬಳೆ ಇಡಿಸುವಾಗ ಸವಣೂರಿನ ಮಂಜುಳಾ ಪದ ಶುರು ಮಾಡಿದಳು. ಎರಡನೇ ಸಾಲು ಆಕೆಗೆ ಮರೆತುಹೋಯಿತು. ನಾಗವ್ವ ಎತ್ತಿಕೊಂಡಳು. ಮೂರನೆಯದನ್ನು ಹಿರೇಕೆರೂರಿನವರು ಬೇರೆ ಥರ ಹೇಳಿದರು. ನಮ್ಮ ಕಡೆ ಹಿಂಗ, ನಿಮ್ಮ ಕಡೆ ಹಂಗ ಎಂದು ಸ್ವಲ್ಪ ವಾದ ನಡೆದು, ಕಡೆಗೆ ಎರಡನ್ನೂ ಹಾಡಿದರು.

ಎಣ್ಣೆಗಾಯಿ ಒಂಬತ್ತು ಡಬ್ಬಿ ಬಂದಿದ್ದವು. ನಿಖತಕ್ಕ ಒಂಬತ್ತನ್ನೂ ರುಚಿ ನೋಡಲೇಬೇಕಾಯಿತು. ಯಾರದು ಚಲೋ ಎಂದು ಎಲ್ಲರೂ ಕೇಳಿದರು. "ಕೂಸಿಗೆ ಎಲ್ಲಾವೂ ಸೇರ್ಯಾವು, ನನ್ನೇನ ಕೇಳ್ತೀರಿ" ಎಂದು ಪಾರಾದಳು.

ಊ‍ಟ ಮುಗಿದು ಉಡಿಯಲ್ಲಿ ಅಕ್ಕಿ ಕಾಯಿ ಹೊತ್ತುಕೊಂಡೇ ಆಕೆ ನನ್ನ ಕಡೆ ಕೈ ಚಾಚಿದಳು. "ಇಲ್ಲಿ ಬಾ ಶೈಲಾ. ನಲವತ್ತಾರು ಮಂದಿ ಬರದಾರ ಅಂದೆಲ್ಲ, ಆ ದೂರು ನನಗೂ ತೆರೆದು ಕೊಡು. ಕುಂತು ಓದ್ತೇನಿ."

ನಾನು ಮೊಬೈಲು ತೆಗೆದವಳು ತಡೆದೆ. ದೂರು ಮುಗಿದಿದ್ದರೂ ಅದು ಆಕೆಯ ಮೇಲಿನದು. ಆಕೆಗೆ ಕಾಣುವಂತೆ ಮಾಡಬೇಕೆಂದರೆ ಮೇಡಂ ಹೇಳಿ ನಿಯಮವನ್ನೇ ಸಡಿಲಿಸಬೇಕು. ಬರೆದವರಲ್ಲಿ ಕೆಲವರು ಆಕೆಯ ತಾಯಿಯ ಬಗ್ಗೆ, ತಮ್ಮ ಮನೆಯ ಬಗ್ಗೆ ಬರೆದಿದ್ದರು. ಆಕೆ ಓದುವುದಿಲ್ಲ ಎಂದು ನಂಬಿಯೇ ಬರೆದಿದ್ದರು.

"ಬರಂಗಿಲ್ಲ ಅಕ್ಕಾ" ಎಂದೆ.

"ಏನು?"

"ನಿಮ್ಮ ಮ್ಯಾಲಿನ ದೂರು ನಿಮಗ ತೋರಸಾಕ ಬರಂಗಿಲ್ಲ. ನೀವ ಮಾಡಿದ್ದು."

"ಹೌದೌದು, ಕೊಡಬ್ಯಾಡ!" ಎಂದರು ಸವಣೂರಿನವರು. "ಕೊಟ್ಟಬಿಡವಾ, ಬಸರಿ ಬಯಕಿ ಅದು" ಎಂದರು ತಿಳವಳ್ಳಿಯವರು. ನಿಖತಕ್ಕ ಸಿಟ್ಟಿನ ಮುಖ ಮಾಡಿದಳು, ಗಲ್ಲ ಹಿಡಿದು ಬೇಡಿಕೊಂಡಳು, ಕಡೆಗೆ ಕರ್ಚಿಕಾಯಿಯ ಆಸೆ ತೋರಿಸಿದಳು. ನಾನು ಒಲ್ಲೆ ಎಂದೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ನಿಮ್ಮದು ಓದಲೇ ಎಂದು. ಹೂಂ ಎಂದವರದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಮೂವರು ಬ್ಯಾಡ ಎಂದರು, ಅವರದನ್ನು ಬಿಟ್ಟೆ. ಹುಲಗೂರಿನ ಮುದುಕಿ ಹೂಂ ಎಂದಳು. ಆಕೆಯದನ್ನು ಕೊನೆಯಲ್ಲಿ ಓದಿದೆ. ನಿಖತಕ್ಕ ಮುದುಕಿಯ ಕೈಯನ್ನು ತನ್ನ ಬಳೆ ಕೈಯಲ್ಲಿ ಹಿಡಿದುಕೊಂಡು ಕೂತಳು.

ಜಯಶ್ರೀ ಮೇಡಂ ಯಾವಾಗಲೋ ಬಂದು ಹಿಂದೆ ನಿಂತಿದ್ದರು. ನನ್ನ ಓದು ಮುಗಿದ ಮೇಲೆ, "ಏಳು ಮಂದಿ ಅಂದಿದ್ರಿ ಶೈಲಶ್ರೀ" ಎಂದರು.

ನಾನು ಎಲ್ಲ ಹೇಳಿದೆ. ಗುಂಪಿನ ಚೌಕ, ಮುನ್ನೂರ ಹನ್ನೆರಡು, ಗುರುವಾರ ತೆಗೆದದ್ದು, ತೆಗೆದ ಮೇಲೆ ಆದದ್ದು, ಒಂದನ್ನೂ ಬಿಡದೆ. ಮೇಡಂ ನಿಖತಕ್ಕನ ಕಡೆ ತಿರುಗಿದರು. "ಸಂಜೀ ಆತು. ನೀವ ಹೇಳ್ರಿ."

"ದೊಡ್ಡ ತಪ್ಪ ಮಾಡ್ಯಾಳ್ರೀ" ಎಂದಳು ನಿಖತಕ್ಕ. "ಆದ್ರ ಅಳಿಸಿ ಮುಚ್ಚಿ ಹಾಕಲಿಲ್ಲ. ಮತ್ತ ನಾನು ಏಳು ತಿಂಗಳ ಬಸರಿ, ಉಡಿ ತುಂಬಿಸ್ಕೊಂಡು, ಗಲ್ಲಾ ಹಿಡದು ಬೇಡಿದ್ರೂ ತೋರಸಾಕ ಒಲ್ಲೆ ಅಂದ್ಳು. ನನಗ! ಇನ್ನ ಹುಬ್ಬಳ್ಳಿಯವ್ರನ್ನ ಯಾಕ ಕರಸ್ತೀರಿ? ಈಕಿಗೆ ಕೊಡ್ರಿ. ಗುಂಪಿನ ಚೌಕ ಮಾತ್ರ ನಾಳೆ ಫೋನಿನಾಗ ಇನ್ನೊಮ್ಮೆ ಹೇಳಿಕೊಡ್ತೇನಿ."

ಮೇಡಂ ನಕ್ಕರು. ಒಂದು ಹೋಳಿಗೆ ತೆಗೆದು ಮೊದಲು ನನ್ನ ಕೈಗೆ ಕೊಟ್ಟು, ಆಮೇಲೆ ತಾವು ತಿಂದರು. ನಿಖತಕ್ಕ ನನ್ನ ಮೊಬೈಲು ಇಸಿದುಕೊಂಡು, ತನ್ನ ಲಾಗಿನ್ನಿನಿಂದ ಒಡೆತನವನ್ನು ನನ್ನ ಹೆಸರಿಗೆ ಬದಲಾಯಿಸಿದಳು. ಅರ್ಧ ನಿಮಿಷದ ಕೆಲಸ. ಹೊಸ ಬಳೆ ಅಡ್ಡ ಬರುತ್ತಿದ್ದವು, ಹಾಗಾಗಿ ಒಂದು ನಿಮಿಷ ಹಿಡಿಯಿತು.

ಟೆಂಪೊ ಹೊರಡುವ ಹೊತ್ತಿಗೆ ನಾಗವ್ವ ಕಚೇರಿಯ ಕಿಟಕಿಯ ಹತ್ತಿರ ಬಂದಳು.

"ಏ ತಂಗಿ, ಎಲ್ಲಾರದೂ ಓದಿದಿ. ನಂದೂ ಒಂದು ಬರಕೊ ಅದರಾಗ. ನನಗ ಒತ್ತಾಕ ಬರಂಗಿಲ್ಲ."

"ಏನಂತ ಬರೀಲಿ ಅಕ್ಕಾ?"

ಆಕೆ ಹೋಳಿಗೆ ಸುತ್ತಿದ ಹಾಳೆಯನ್ನು ಬಗಲಿಗೆ ಸರಿಸಿಕೊಂಡಳು.

"ಜಗಳಾಡಾಕ ಬಂದಿದ್ವಿ, ಉಂಡು ಹೋದ್ವಿ ಅಂತ ಬರಿ."

"ಇದನ್ನ ಯಾರು ಯಾರು ನೋಡಬಹುದು ಅಕ್ಕಾ?"

"ಯಾರರ ನೋಡ್ಲಿ ಬಿಡವಾ" ಎಂದು ನಾಗವ್ವ ಟೆಂಪೊ ಹತ್ತಿದಳು. ನಾನು ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ.